ಸೋಲಿನ ಹರಕೆ

ಕೊಳ್ಳೇಗಾಲದಿಂದ ಹೊರಟ ಬಸ್ಸು ಲೊಕ್ಕನಹಳ್ಳಿಯನ್ನು ದಾಟಿ ಒಡೆಯರಪಾಳ್ಯದ ಕಡೆಗೆ ಮುಖ ಮಾಡುವ ಹೊತ್ತಿಗೆ ಬೆಟ್ಟದ ಸಾಲುಗಳು ಹತ್ತಿರಕ್ಕೆ ಸರಿದುಬಂದು, ರಾಗಿಯ ಮತ್ತು ಮುಸುಕಿನ ಜೋಳದ ಹೊಲಗಳ ನಡುವೆ ಐದು ಬಣ್ಣಗಳ ಪ್ರಾರ್ಥನಾ ಪತಾಕೆಗಳು ಗಾಳಿಗೆ ತೂಗಾಡುವುದು ಕಣ್ಣಿಗೆ ಬೀಳುತ್ತದೆ. ಸ್ವದೇಶವನ್ನು ಕಳೆದುಕೊಂಡು ಬಂದ ಟಿಬೆಟನ್ನರು 1970ರ ದಶಕದಲ್ಲಿ ನೆಲೆಗೊಂಡ ಧೊಂಡೆನ್‌ಲಿಂಗ್ ವಸತಿ ಅದು. ಕೃಷಿಯನ್ನೂ ಧರ್ಮವನ್ನೂ ಪಾಲಿಸಿಕೊಂಡು ಬಂದ ಆ ಜನ ಅವುಗಳ ಜೊತೆಗೆ ಮೂರನೆಯದೊಂದನ್ನೂ ಶ್ರದ್ಧೆಯಿಂದ ಸಾಕಿಕೊಂಡಿದ್ದಾರೆ, ಅದು ಕಾಲ್ಚೆಂಡಾಟ. ದಲೈಲಾಮಾ ಅವರ ತಾಯಿಯ ಸ್ಮರಣಾರ್ಥವಾಗಿ 1981ರಲ್ಲಿ ಪ್ರಾರಂಭವಾದ ಗ್ಯಾಲ್ಯುಮ್ ಚೆನ್ಮೊ ಚಿನ್ನದ ಬಟ್ಟಲಿನ ಪಂದ್ಯಾವಳಿಗಾಗಿ ದೇಶದ ನಾನಾ ಟಿಬೆಟನ್ ವಸತಿಗಳ ತಂಡಗಳು ಒಂದೆಡೆ ಸೇರುತ್ತವೆ. ಕ್ರಿಕೆಟ್ಟಿನ ಹೊರತು ಬೇರೊಂದು ಆಟವನ್ನು ಅಷ್ಟಾಗಿ ಅರಿಯದ ನಮ್ಮ ಸೀಮೆಯಲ್ಲಿ ಫುಟ್ಬಾಲಿಗೆ ಒಂದು ಬೇರು ಇದೆಯೆಂದಾದರೆ ಅದು ಇಳಿದಿರುವುದು ಆ ಪತಾಕೆಗಳ ನೆರಳಿನಲ್ಲಿ.

ನನ್ನ ಅಕ್ಕನ ಮಗನು ಚೆಂಡನ್ನು ಕಾಲಿನಿಂದ ಪಳಗಿಸುವುದನ್ನು ಕಲಿತದ್ದು ಹಾಗೆಯೇ: ಟಿಬೆಟನ್ ಹುಡುಗರಿಗೆ ಒಬ್ಬ ಆಟಗಾರ ಕಡಮೆಯಾದ ಸಾಯಂಕಾಲಗಳಲ್ಲಿ, ಅವರು ಕೈಬೀಸಿ ಕರೆದಾಗ, ಬರಿಗಾಲಿನಲ್ಲಿ ಒಳನುಗ್ಗಿ. ಈಗ ಅವನು ಬೆಂಗಳೂರಿನಲ್ಲಿ ಉದ್ಯೋಗಸ್ಥ. ಬೆಂಗಳೂರು ಎಫ್‌ಸಿ ತಂಡದ ಪರಮ ಅಭಿಮಾನಿ. 2023ನೆಯ ಇಸವಿಯ ಡಿಸೆಂಬರ್ 8ರ ರಾತ್ರಿ ಅವನು ನನ್ನನ್ನು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗಿದ್ದನು. ಎದುರಾಳಿ ಮುಂಬೈ ಸಿಟಿ. ನಮ್ಮವರ ಬಲೆಯೊಳಗೆ ಒಂದರ ಮೇಲೊಂದು ಚೆಂಡು ಬಂದು ಬೀಳುತ್ತಿರಲು, ಪಕ್ಕದಲ್ಲಿ ನೀಲಿ ಅಂಗಿ ತೊಟ್ಟು ಕುಳಿತಿದ್ದ ಅವನ ಮುಖದಲ್ಲಿ ದುಃಖವನ್ನು ಹುಡುಕಿದ ನನಗೆ ಅಲ್ಲಿ ಕಾಣಿಸಿದ್ದು ಬೇರೇನೋ ಒಂದು ಬಗೆಯ ನಿರೀಕ್ಷೆ.

“ಸೋಲ್ಲಿ ಬುಡಿ ಮಾವ, ಇನ್ನೊಂದೆರಡು ಗೋಲು ಬಿದ್ರೂ ಬೀಳ್ಳಿ. ಆಗ್ಲಾದ್ರೂ ಈ ಕೋಚ್‌ನ ಮನೆಗ್ ಕಳುಸ್ತಾರೆ” ಎಂದನು.

ಪಂದ್ಯ 0–4ರಲ್ಲಿ ಮುಗಿಯಿತು. ಆ ಋತುವಿನ ಒಂಬತ್ತು ಪಂದ್ಯಗಳಲ್ಲಿ ತಂಡಕ್ಕೆ ಅದುವರೆಗೆ ದಕ್ಕಿದ್ದು ಒಂದೇ ಗೆಲವು. ಮರುದಿನವೇ ಇಂಗ್ಲೆಂಡಿನ ತರಬೇತುದಾರ ಸೈಮನ್ ಗ್ರೇಸನ್ ಅವರನ್ನು ಆ ಸ್ಥಾನದಿಂದ ಬಿಡುಗಡೆ ಮಾಡಲಾಯಿತೆಂಬ ಸುದ್ದಿ ಹೊರಬಿದ್ದಿತು. “ನಾ ಯೋಳ್ನಿಲ್ವಾ ಮಾವ!” ಎಂದು ಫೋನಿನಲ್ಲಿ ಕೇಳಿಬಂದ ಅವನ ಧ್ವನಿಯಲ್ಲಿ, ಪಂದ್ಯವೊಂದನ್ನು ಗೆದ್ದವನ ಉತ್ಸಾಹವಿದ್ದಿತು. ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ತನ್ನ ತಂಡದ ಸೋಲನ್ನು ತಾನೇ ಹಾರೈಸುವುದು ಅಭಿಮಾನಿಗೆ ಸಲ್ಲತಕ್ಕದ್ದೆ? ಸಲ್ಲದೆಂದು ನಾನು ನಂಬಿದ್ದೇನೆ. ಆದರೆ ಆ ಹುಡುಗನ ಮಾತಿನಲ್ಲಿ ಅಡಗಿದ್ದ ಸಂಕಟವನ್ನು ಅರಿಯದೆ ಹಾಗೆಂದುಬಿಡುವುದು ನ್ಯಾಯವಾಗಲಾರದು.

ಮೊದಲು ಆಟದ ಸಂಗತಿಯನ್ನು ಅಷ್ಟು ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ಇಂಗ್ಲೆಂಡಿನಲ್ಲಿ ಮ್ಯಾನೇಜರ್ ಎಂದೂ ನಮ್ಮಲ್ಲಿ ಕೋಚ್ ಎಂದೂ ಕರೆಯಲ್ಪಡುವ ಈ ವ್ಯಕ್ತಿ ಹನ್ನೊಂದು ಮಂದಿಯನ್ನು ಆರಿಸಿ, ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಮುನ್ನುಗ್ಗಬೇಕು, ಯಾವಾಗ ಹಿಂಜರಿಯಬೇಕು ಎಂಬುದನ್ನು ವಾರವಿಡೀ ಅಭ್ಯಾಸ ಮಾಡಿಸುವವನು. ಪಂದ್ಯ ಮೊದಲಾದ ಮೇಲೆ ಮಾತ್ರ, ಗೆರೆಯಾಚೆ ನಿಂತು ಕೂಗುವುದನ್ನೂ ಕೆಲವರನ್ನು ಬದಲಾಯಿಸುವುದನ್ನೂ ಬಿಟ್ಟರೆ, ಅವನ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಇಪ್ಪತ್ತೈದು ಮೂವತ್ತು ಮಂದಿ ಆಟಗಾರರನ್ನು ಋತುವಿನ ಮಧ್ಯದಲ್ಲಿ ಬದಲಿಸಲು ನಿಯಮಗಳೂ ಒಪ್ಪಂದಗಳೂ ಬಿಡವು. ಒಡೆಯನು ತನ್ನನ್ನು ತಾನೇ ಬದಲಿಸಿಕೊಳ್ಳಲಾರನು. ಆದುದರಿಂದ ಸೋಲು ಬಂದಾಗ ಸುಲಭವಾಗಿ ಕೈಗೆ ಸಿಗುವ ತಲೆ ಇವನೊಬ್ಬನದೇ.

ಬೆಂಗಳೂರು ಎಫ್‌ಸಿ 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹದಿಂದ ಸ್ಥಾಪಿತವಾದುದು. ಮೊದಲ ತರಬೇತುದಾರ ಆಶ್ಲಿ ವೆಸ್ಟ್‌ವುಡ್ ಅವರ ಕೈಕೆಳಗೆ ಹುಟ್ಟಿದ ವರ್ಷವೇ ಐ-ಲೀಗನ್ನು ಗೆದ್ದಿತು. ಮೂರನೆಯ ವರ್ಷ ಮತ್ತೊಮ್ಮೆ ಗೆದ್ದಿತು. ಅವರ ತರುವಾಯ ಬಂದ ಸ್ಪೇನಿನ ಆಲ್ಬರ್ಟ್ ರೋಕ ಅವರ ಕಾಲದಲ್ಲಿ, 2016ರ ನವೆಂಬರಿನಲ್ಲಿ, ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿ, ಇರಾಕಿನ ಏರ್ ಫೋರ್ಸ್ ಕ್ಲಬ್ಬಿಗೆ ಒಂದೇ ಒಂದು ಗೋಲಿನಿಂದ ಸೋತಿತು. ರೋಕ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ 2018ರಲ್ಲಿ ಮುಖ್ಯ ತರಬೇತುದಾರರಾದರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ತಂಡದೆದುರು ಹೆಚ್ಚುವರಿ ಕಾಲದ 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ ಇಂಡಿಯನ್ ಸೂಪರ್ ಲೀಗಿನ ಕಿರೀಟ ಮೊದಲ ಬಾರಿಗೆ ಬೆಂಗಳೂರಿಗೆ ಬಂದಿತು.

ಈ ಕ್ವಾಡ್ರಾಟ್ ಅವರ ಕಥೆಯಲ್ಲಿ ನಮ್ಮ ಪ್ರಶ್ನೆಯ ತಿರುಳೇ ಇರುವುದರಿಂದ ಅಲ್ಲಿ ಸ್ವಲ್ಪ ನಿಲ್ಲಬೇಕು. 2020–21ರ ಋತು ಮಹಾಮಾರಿಯ ಋತು. ಪಂದ್ಯಗಳೆಲ್ಲ ಗೋವಾದಲ್ಲಿಯೇ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ನಡೆದವು. ಎಟಿಕೆ ಮೋಹನ್ ಬಗಾನಿಗೆ 0–1, ಜಮ್‌ಶೆಡ್‌ಪುರಕ್ಕೆ 0–1, ಮುಂಬೈ ಸಿಟಿಗೆ 1–3: ಹೀಗೆ ಸಾಲಾಗಿ ಮೂರು ಸೋಲುಗಳು ಬಂದವು. 2021ರ ಜನವರಿ 6ರಂದು, ಕಿರೀಟ ತಂದುಕೊಟ್ಟು ಎರಡು ವರ್ಷ ತುಂಬುವ ಮೊದಲೇ, ಕ್ವಾಡ್ರಾಟ್ ಅವರು ನಿರ್ಗಮಿಸಿದರು. ಸಹಾಯಕ ನೌಷಾದ್ ಮೂಸಾ ಹೊಣೆ ಹೊತ್ತರು. ಮೂರು ದಿನಗಳ ಅನಂತರದ ಪಂದ್ಯದಲ್ಲಿಯೂ ಈಸ್ಟ್ ಬೆಂಗಾಲಿಗೆ 0–1ರಿಂದ ಸೋಲೇ ಬಂದಿತು. ಮುಂದಿನ ಗೆಲವಿಗಾಗಿ ಫೆಬ್ರವರಿಯವರೆಗೆ ಕಾಯಬೇಕಾಯಿತು. ಋತುವಿನ ಕೊನೆಗೆ ತಂಡ ನಿಂತದ್ದು ಏಳನೆಯ ಸ್ಥಾನದಲ್ಲಿ. ರೋಗಿಯನ್ನು ಬಿಟ್ಟು ವೈದ್ಯನನ್ನು ಬದಲಿಸಿದ್ದಾಯಿತು, ಜ್ವರ ಮಾತ್ರ ತನ್ನ ಅವಧಿಯನ್ನು ಮುಗಿಸಿಕೊಂಡೇ ಇಳಿಯಿತು.

ಇದಕ್ಕೆ ತದ್ವಿರುದ್ಧವಾದ ದೃಷ್ಟಾಂತವೂ ಅದೇ ತಂಡದ ಚರಿತ್ರೆಯಲ್ಲಿದೆ. ನನ್ನ ಸೋದರಳಿಯನಿಗೆ ನಾನು ಅದನ್ನು ಮರುಮರಳಿ ನೆನಪಿಸುತ್ತೇನೆ. ಅವನು ಮನೆಗೆ ಕಳುಹಿಸಬೇಕೆಂದು ಹಾರೈಸಿದ ಅದೇ ಗ್ರೇಸನ್, ಅದಕ್ಕೆ ಹಿಂದಿನ ಋತುವಿನಲ್ಲಿ, ಅಂದರೆ 2022ರಲ್ಲಿ, ಬಂದ ಹೊಸದರಲ್ಲಿಯೇ ಡುರಾಂಡ್ ಕಪ್ಪನ್ನು ಗೆದ್ದುಕೊಟ್ಟಿದ್ದರು. ಆಮೇಲೆ ಲೀಗು ಮೊದಲಾಗಿ ಗ್ರಹಚಾರ ಕೆಟ್ಟಿತು. ಡಿಸೆಂಬರ್ 30ರ ಹೊತ್ತಿಗೆ ಆಡಿದ ಹನ್ನೆರಡು ಪಂದ್ಯಗಳಲ್ಲಿ ಮೂರು ಗೆಲವು, ಒಂದು ಸಮ, ಎಂಟು ಸೋಲು. ತರಬೇತುದಾರನ ತಲೆ ಉರುಳುವುದಕ್ಕೆ ಇದಕ್ಕಿಂತ ಪ್ರಶಸ್ತವಾದ ಲೆಕ್ಕ ಬೇರೆ ಬೇಕೆ? ಆದರೆ ಆ ಸಲ ಉರುಳಲಿಲ್ಲ. ಜನವರಿಯಿಂದ ಮೊದಲಾಗಿ ಲೀಗಿನ ಉಳಿದ ಎಂಟು ಪಂದ್ಯಗಳನ್ನೂ ತಂಡ ಒಂದೂ ತಪ್ಪದಂತೆ ಗೆದ್ದಿತು. 34 ಅಂಕಗಳೊಡನೆ ನಾಲ್ಕನೆಯದಾಗಿ ನಿಂತಿತು. ಮಾರ್ಚ್ 3ರಂದು ಕಂಠೀರವದಲ್ಲಿ ಸುನಿಲ್ ಛೆಟ್ರಿ ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮೊದಲೇ ಒದ್ದ ಆ ವಿವಾದಾಸ್ಪದವಾದ ಫ್ರೀ ಕಿಕ್ಕಿನಿಂದ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆಯಿತು. ಉಪಾಂತ್ಯದಲ್ಲಿ ಮುಂಬೈಯನ್ನು ಪೆನಾಲ್ಟಿಗಳಲ್ಲಿ 9–8ರಿಂದ ದಾಟಿ ಬೆಂಗಳೂರು ಅಂತಿಮ ಪಂದ್ಯವನ್ನು ತಲಪಿತು. ಅಲ್ಲಿಯೂ ಸೋತದ್ದು ಪೆನಾಲ್ಟಿಗಳಲ್ಲಿ ಮಾತ್ರ. ಆ ಮಾರ್ಚ್ 3ರ ಮರುದಿನವೇ ದೂರದ ರಿಯಾದಿನಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತೆಂಬುದನ್ನು ಇಲ್ಲಿ ಹೇಳದೆ ಇರಲಾರೆ. ಕನ್ನಡನಾಡಿನ ಫುಟ್ಬಾಲ್ ಪ್ರೇಮಿಗಳಿಗೆ ಅಂಥ ಎರಡು ದಿನಗಳು ಮತ್ತೆ ಯಾವಾಗ ಬರುವುವೋ!

ಒಂದು ವೇಳೆ 2022ರ ಡಿಸೆಂಬರಿನಲ್ಲಿ ಯಾರಾದರೊಬ್ಬ ಅಭಿಮಾನಿಯು ಇನ್ನೆರಡು ಸೋಲು ಬಂದು ಈತ ತೊಲಗಲೆಂದು ದೇವರಲ್ಲಿ ಬೇಡಿಕೊಂಡಿದ್ದು, ದೇವರು ಅದನ್ನು ಕರುಣಿಸಿದ್ದರೆ, ಆ ಎಂಟು ಗೆಲವುಗಳಲ್ಲಿ ಕಡೆಯ ಪಕ್ಷ ಎರಡನ್ನಾದರೂ ಆತನು ತನ್ನ ಕೈಯಾರೆ ಅಳಿಸಿದಂತಾಗುತ್ತಿತ್ತಷ್ಟೆ. ಹೊಸಬನು ಬಂದು ಅದಕ್ಕೂ ಮಿಗಿಲಾದುದನ್ನು ಸಾಧಿಸುತ್ತಿದ್ದನೆಂದು ವಾದಿಸಬಹುದು. ಈ ವಾದವನ್ನು ತೂಗಿನೋಡಿದವರೊಬ್ಬರಿದ್ದಾರೆ.

ಡಚ್ ಅರ್ಥಶಾಸ್ತ್ರಜ್ಞ ಬಾಸ್ ತೇರ್ ವೇಲ್ ಅವರು ತಮ್ಮ ದೇಶದ ಲೀಗಿನ 1986ರಿಂದ 2004ರವರೆಗಿನ ಋತುಗಳನ್ನು ಪರೀಕ್ಷಿಸಿ 2011ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಮ್ಯಾನೇಜರನ್ನು ವಜಾ ಮಾಡಿದ ಮೇಲೆ ತಂಡಗಳ ಫಲಿತಾಂಶ ಸುಧಾರಿಸುತ್ತದೆ ಎಂಬುದು ಅವರಿಗೂ ಕಂಡಿತು. ಆದರೆ ಅವರು ಇನ್ನೊಂದನ್ನೂ ನೋಡಿದರು: ಅಷ್ಟೇ ಕೆಟ್ಟ ಸೋಲುಗಳನ್ನು ಅನುಭವಿಸಿಯೂ ಮ್ಯಾನೇಜರನ್ನು ಇಟ್ಟುಕೊಂಡ ತಂಡಗಳ ಗತಿಯೇನಾಯಿತು? ಅವೂ ಹೆಚ್ಚುಕಡಮೆ ಅದೇ ಪ್ರಮಾಣದಲ್ಲಿ ಚೇತರಿಸಿಕೊಂಡಿದ್ದವು.

ಇದರ ಮರ್ಮ ನಮ್ಮ ಹಳ್ಳಿಗರಿಗೆ ತಿಳಿಯದುದಲ್ಲ. ಮಳೆ ಹೋದ ವರ್ಷಗಳಲ್ಲಿ ನಮ್ಮ ಕಡೆ ಮಣ್ಣಿನ ಮಳೆರಾಯನನ್ನು ಮಾಡಿ, ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ, ಮನೆಮನೆಯ ಮುಂದೆ ನೀರು ಹೊಯ್ಯಿಸುವ ಪದ್ಧತಿಯಿತ್ತು. ಮಳೆರಾಯನನ್ನು ಹೊರುತ್ತಿದ್ದುದು ಯಾವಾಗ? ಬರ ಅತ್ಯಂತ ಕಠಿನವಾಗಿ, ಇನ್ನು ತಡೆಯಲಾಗದು ಎಂಬ ಹೊತ್ತಿಗೆ. ಅಷ್ಟು ಕೆಟ್ಟ ಸ್ಥಿತಿ ಬಹುಕಾಲ ನಿಲ್ಲುವುದು ಅಪೂರ್ವವಾದುದರಿಂದ, ಬೇಗನೆಯೋ ನಿಧಾನವಾಗಿಯೋ ಮಳೆ ಬರುತ್ತಿತ್ತು. ಬಂದಾಗ ಹೊತ್ತ ಊರಿನ ಮೇಲೂ ಹೊರದ ಊರಿನ ಮೇಲೂ ಸಮನಾಗಿಯೇ ಸುರಿಯುತ್ತಿತ್ತು. ಆ ಆಚರಣೆಯಲ್ಲಿದ್ದ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಕ್ಲಬ್ಬಿನ ಒಡೆಯನು ತರಬೇತುದಾರನನ್ನು ಕಳುಹಿಸುವುದು ಭಕ್ತಿಯಿಂದಲ್ಲ, ಲೆಕ್ಕಾಚಾರದಿಂದ. ಲೆಕ್ಕಾಚಾರವೆಂದ ಮೇಲೆ ಅದು ಸರಿಯಾಗಿರಬೇಕು. ಅದರಲ್ಲಿಯೂ ಫುಟ್ಬಾಲಿನಂಥ ಆಟದಲ್ಲಿ, ಒಂದೋ ಎರಡೋ ಗೋಲುಗಳಿಂದ ತೀರ್ಮಾನವಾಗಿ, ಕಂಬಕ್ಕೆ ತಗುಲಿ ಹೊರಹೋದ ಚೆಂಡೊಂದು ಗೆಲವನ್ನು ಸೋಲಾಗಿಸುವ ಕಡೆ, ಮೂರು ಪಂದ್ಯಗಳ ಫಲಿತಾಂಶವನ್ನು ಸಾಕ್ಷಿಯೆಂದು ನಂಬುವುದು ಮೂರು ದಿನದ ಮೋಡವನ್ನು ನೋಡಿ ವರ್ಷದ ಬೆಳೆಯನ್ನು ಅಂದಾಜು ಮಾಡಿದಂತೆ. ಕ್ವಾಡ್ರಾಟ್ ಅವರ ಆ ಮೂರು ಸೋಲುಗಳಲ್ಲಿ ಎರಡು ಒಂದೊಂದು ಗೋಲಿನ ಅಂತರದವೆಂಬುದನ್ನು ಓದುಗರು ಗಮನಿಸಿರಬಹುದು.

ಬದಲಾವಣೆಯಿಂದ ಒಳಿತಾಗುವುದೇ ಇಲ್ಲವೆಂದು ಹೇಳಿದರೆ ಅದೂ ಅಸತ್ಯವಾದೀತು. 2021ರ ಜನವರಿಯಲ್ಲಿಯೇ ಲಂಡನ್ನಿನ ಚೆಲ್ಸಿ ಕ್ಲಬ್ಬು ಫ್ರಾಂಕ್ ಲ್ಯಾಂಪಾರ್ಡ್ ಅವರನ್ನು ಬಿಡಿಸಿ ಥಾಮಸ್ ಟೂಖೆಲ್ ಅವರನ್ನು ತಂದು, ಮೇ ತಿಂಗಳಿನಲ್ಲಿ ಯೂರೋಪಿನ ಚಾಂಪಿಯನ್ ಆಯಿತು. ಎದುರಿನ ತಟ್ಟೆಯಲ್ಲಿ, 1986ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಬಂದು ಮೂರು ವರ್ಷಗಳಿಗೂ ಮೀರಿ ಒಂದು ಪ್ರಶಸ್ತಿಯನ್ನೂ ಕಾಣದ ಅಲೆಕ್ಸ್ ಫರ್ಗ್ಯುಸನ್ ಅವರಿದ್ದಾರೆ. 2013ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರು ಗೆದ್ದ ಲೀಗುಗಳೇ ಹದಿಮೂರು. ಬದಲಿಸಬೇಕೆ ಬೇಡವೆ ಎಂಬುದು ಹೀಗೆ ಪ್ರತಿಯೊಂದು ಕಡೆಯೂ ಬೇರೆ ಬೇರೆಯಾಗಿ ವಿಚಾರಿಸತಕ್ಕ ವಿಷಯ. ನನ್ನ ತಕರಾರು ಬದಲಾವಣೆಯನ್ನು ಬೇಡುವುದರ ಮೇಲಲ್ಲ. ಅದನ್ನು ಸೋಲಿನ ಬಾಯಿಂದ ಬೇಡುವುದರ ಮೇಲೆ.

ಮಲೆ ಮಹದೇಶ್ವರನ ಬೆಟ್ಟಕ್ಕೆ ನಮ್ಮೂರ ಕಡೆಯಿಂದ ಕಾಲ್ನಡೆಯಲ್ಲಿ ಹೋಗುವವರು ತಲೆತಲಾಂತರದಿಂದ ಬಗೆಬಗೆಯ ಹರಕೆಗಳನ್ನು ಹೊತ್ತಿದ್ದಾರೆ: ಬೆಳೆಗೆ, ಮಕ್ಕಳಿಗೆ, ದನಕರುಗಳಿಗೆ, ಕೋರ್ಟು ಖಟ್ಲೆಗೂ ಕೂಡ. ಊರ ಯಜಮಾನನ ಮೇಲೆ ಮುನಿಸಿಕೊಂಡು, ಅವನಿಗೆ ಕೆಟ್ಟ ಹೆಸರು ಬರುವಂತೆ ಊರ ಹೊಲಗಳೆಲ್ಲ ಒಣಗಲಿ ಎಂದು ಹರಕೆ ಹೊತ್ತವರನ್ನು ಮಾತ್ರ ನಾನು ಕಾಣೆ. ಸವತಿ ವಿಧವೆಯಾಗಲೆಂದು ಗಂಡನ ಸಾವನ್ನು ಬೇಡಿದವಳ ಗಾದೆಯನ್ನು ನಮ್ಮ ಹಿರಿಯರು ಕಟ್ಟಿದ್ದು ಇಂಥ ಕೋರಿಕೆಯ ಸ್ವರೂಪವನ್ನು ಬಲ್ಲವರಾದುದರಿಂದಲೇ ಇರಬೇಕು. ಹೊಲ ಒಣಗಿದರೆ ಉಪವಾಸ ಬೀಳುವವರು ಯಾರು? ಯಜಮಾನನ ಕಣಜದಲ್ಲಿ ಕಾಳಿರುತ್ತದೆ. ಒಪ್ಪಂದದ ನಡುವೆ ಬಿಡುಗಡೆಯಾಗುವ ತರಬೇತುದಾರನಿಗೂ ಸಾಮಾನ್ಯವಾಗಿ ಪರಿಹಾರದ ಹಣವೂ ಮುಂದೆ ಬೇರೊಂದು ಕ್ಲಬ್ಬೂ ಇರುತ್ತವೆ. ಸೋಲು ಅಂಟಿಕೊಳ್ಳುವುದು ಅಂದು ಮೊದಲ ಬಾರಿಗೆ ಅಂಗಿ ತೊಟ್ಟು ಕಣಕ್ಕಿಳಿದ ಹತ್ತೊಂಬತ್ತರ ಹುಡುಗನಿಗೆ. ಅವನ ಒಂದು ತಪ್ಪು ಹೆಜ್ಜೆಯನ್ನು ಗ್ಯಾಲರಿಯಲ್ಲಿ ಕುಳಿತ ತನ್ನವರೇ ಒಳಗೊಳಗೆ ಬಯಸುತ್ತಿದ್ದರೆಂಬುದು ತಿಳಿದರೆ ಅವನ ಎದೆ ಏನಾಗಬೇಡ? ಹೊಣೆಯೊಬ್ಬನದು, ದಂಡ ಮತ್ತೊಬ್ಬನಿಗೆ. ಸೋಲಿನ ಹರಕೆಯಲ್ಲಿ ನನಗೆ ಸಹಿಸಲಾಗದ ಅಂಶವೆಂದರೆ ಇದು.

ಭಾರತದಲ್ಲಿ ಈ ಹರಕೆ ತುಸು ಅಗ್ಗವಾಗಿಯೂ ಇದ್ದಿತು. ಇಂಗ್ಲೆಂಡಿನ ಅಗ್ರ ಶ್ರೇಣಿಯ ಇಪ್ಪತ್ತು ಕ್ಲಬ್ಬುಗಳಲ್ಲಿ ಕಡೆಯ ಮೂರು ಪ್ರತಿವರ್ಷವೂ ಕೆಳಗಿನ ಶ್ರೇಣಿಗೆ ಇಳಿಯಬೇಕಾದುದರಿಂದ, ಬೇಕೆಂದೇ ಸೋಲನ್ನು ಬಯಸುವ ಅಭಿಮಾನಿಯು ಸ್ವಂತ ಮನೆಗೆ ಬೆಂಕಿಯಿಟ್ಟು ಚಳಿ ಕಾಯಿಸಿಕೊಂಡವನಾದಾನು. ನಮ್ಮ ಇಂಡಿಯನ್ ಸೂಪರ್ ಲೀಗಿನಲ್ಲಿ 2023ರಿಂದ ಪಂಜಾಬ್, ಮೊಹಮ್ಮಡನ್ ತಂಡಗಳು ಕೆಳಗಿನಿಂದ ಮೇಲಕ್ಕೇರಿ ಬಂದವಾದರೂ, ಆ ವರ್ಷಗಳಲ್ಲಿ ಮೇಲಿನಿಂದ ಕೆಳಕ್ಕೆ ಯಾರನ್ನೂ ನೂಕಿದ್ದಿಲ್ಲ. ಹತ್ತನೆಯ ಸ್ಥಾನವೂ ಹನ್ನೆರಡನೆಯ ಸ್ಥಾನವೂ ಒಂದೇ ಎಂಬ ಭಾವನೆ ಬೆಳೆದಾಗ, ಸೋಲಿಗೆ ಬೆಲೆಯೇ ಇಲ್ಲವೆಂಬ ಭ್ರಮೆಯೂ ಬೆಳೆಯುವುದು ಸಹಜ.

ಇಷ್ಟಾದರೂ ನನ್ನ ಸೋದರಳಿಯನು ಏಕೆ ಹಾಗೆ ನುಡಿದನೆಂಬುದನ್ನು ನಾನು ಮರೆಯಲಾರೆ. ಅಭಿಮಾನವೆಂಬ ಶಬ್ದದಲ್ಲಿಯೇ ‘ನನ್ನದು’ ಎಂಬ ಭಾವವಿದೆ. ತಂಡ ತನ್ನದೆಂದು ಅವನು ತಿಳಿದಿದ್ದಾನೆ. ತಿಂಗಳ ಸಂಬಳದಲ್ಲಿ ಉಳಿಸಿ ಟಿಕೆಟ್ಟು ಕೊಳ್ಳುತ್ತಾನೆ. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ತಮ್ಮನ್ನು ಕರೆದುಕೊಳ್ಳುವ ಕಂಠೀರವದ ಪಶ್ಚಿಮ ಗ್ಯಾಲರಿಯ ಬಳಗದೊಡನೆ ಗಂಟಲು ಬತ್ತುವವರೆಗೆ ಕೂಗುತ್ತಾನೆ. ಆದರೆ ಕ್ಲಬ್ಬು ಅವನದಲ್ಲ. ತರಬೇತುದಾರನನ್ನು ತರುವಾಗ ಅವನನ್ನು ಕೇಳುವವರಿಲ್ಲ, ಕಳುಹಿಸುವಾಗಲೂ ಇಲ್ಲ. ತನ್ನ ಮಾತು ಯಾರ ಕಿವಿಯನ್ನೂ ಮುಟ್ಟುವುದಿಲ್ಲ, ಅಂಕಪಟ್ಟಿಯೊಂದೇ ಒಡೆಯರಿಗೆ ಕೇಳಿಸುವ ಭಾಷೆ ಎಂದು ಮನಗಂಡವನು ಆ ಭಾಷೆಯಲ್ಲಿಯೇ ಮಾತನಾಡಬಯಸಿದರೆ ಆಶ್ಚರ್ಯವೇನು? ಜರ್ಮನಿಯಲ್ಲಿ, ಕೆಲವು ವಿನಾಯಿತಿಗಳ ಹೊರತು, ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲಿಯೇ ಇರಬೇಕೆಂಬ ನಿಯಮವಿದೆ. ಬಾರ್ಸಿಲೋನದಲ್ಲಿ ಸದಸ್ಯರು ಮತ ಹಾಕಿ ಅಧ್ಯಕ್ಷನನ್ನು ಆರಿಸುತ್ತಾರೆ. ಅಂಥ ಕಡೆಗಳಲ್ಲಿಯೂ ಕೋಪತಾಪಗಳಿಲ್ಲವೆಂದಲ್ಲ. ಆದರೆ ಕೋಪಕ್ಕೆ ಹೋಗಲು ಒಂದು ಬಾಗಿಲಿದೆ. ನಮ್ಮ ಕ್ಲಬ್ಬುಗಳೂ ವರ್ಷಕ್ಕೆರಡು ಬಾರಿಯಾದರೂ ಅಭಿಮಾನಿಗಳ ಪ್ರತಿನಿಧಿಗಳನ್ನು ಎದುರಿಗೆ ಕೂರಿಸಿಕೊಂಡು, ಈ ತರಬೇತುದಾರನಿಂದ ನಾವು ಬಯಸುವುದು ಇಂತಿಂಥದು, ಇಷ್ಟು ಕಾಲದೊಳಗೆ, ಎಂದು ಬಿಚ್ಚಿ ಹೇಳಲಿ. ಅಭಿಮಾನಿಗಳೂ ತಮ್ಮ ಅಸಮಾಧಾನವನ್ನು ಬಟ್ಟೆಯ ಮೇಲೆ ಬರೆದು ಎತ್ತಿ ಹಿಡಿಯಲಿ, ಪತ್ರ ಬರೆಯಲಿ, ಬೇಕಾದರೆ ಒಂದು ಪಂದ್ಯಕ್ಕೆ ಹೋಗದೆ ಗ್ಯಾಲರಿಯನ್ನು ಬರಿದು ಮಾಡಲಿ. ಇವೆಲ್ಲ ಒಡೆಯನ ಮುಖಕ್ಕೆ ನೇರವಾಗಿ ಹೇಳುವ ಮಾತುಗಳು; ಹುಡುಗರ ಕಾಲಿಗೆ ತೊಡರಾಗತಕ್ಕವಲ್ಲ.

ಗ್ರೇಸನ್ ಅವರ ಜಾಗಕ್ಕೆ, ಹಿಂದೆ ಕ್ವಾಡ್ರಾಟ್ ಅವರ ಸಹಾಯಕರಾಗಿದ್ದ ಜೆರಾರ್ಡ್ ಝರಗೋಝಾ ಬಂದರು. ಹರಕೆ ಫಲಿಸಿತಾದರೂ ಹಣೆಬರಹ ಬದಲಾಗಲಿಲ್ಲ. ಹನ್ನೆರಡು ತಂಡಗಳಲ್ಲಿ ಬೆಂಗಳೂರು ಹತ್ತನೆಯದಾಗಿ ಮುಗಿಸಿತು. ಅಷ್ಟಾದ ಮೇಲೂ ಅವರನ್ನು ಉಳಿಸಿಕೊಂಡರು. ಮುಂದಿನ ಋತುವಿನಲ್ಲಿ ತಂಡ ಮೂರನೆಯ ಸ್ಥಾನಕ್ಕೇರಿ, 2025ರ ಮಾರ್ಚಿನಲ್ಲಿ ಅದೇ ಕಂಠೀರವದಲ್ಲಿ ಅದೇ ಮುಂಬೈ ಸಿಟಿಯನ್ನು 5–0ರಿಂದ ಮಣಿಸಿ, ಏಪ್ರಿಲ್ 12ರಂದು ಕೋಲ್ಕತ್ತೆಯಲ್ಲಿ ಮೋಹನ್ ಬಗಾನಿನೆದುರು ಹೆಚ್ಚುವರಿ ಕಾಲದವರೆಗೂ ಹೋರಾಡಿ 1–2ರಿಂದ ಸೋತಿತು. ಆ ರಾತ್ರಿ ಹುಡುಗನು ಊರಿನಲ್ಲಿಯೇ ಇದ್ದನು. ಜಗಲಿಯ ಮೇಲೆ ಕುಳಿತು ಮೊಬೈಲಿನಲ್ಲಿ ಪಂದ್ಯ ನೋಡಿದವನು, ಮುಗಿದ ಮೇಲೆ ಊಟಕ್ಕೆ ಏಳಲಿಲ್ಲ.

ನಾನು ಹೇಳಬೇಕೆಂದಿರುವ ಇನ್ನೊಂದು ಪಂದ್ಯ ಅದಕ್ಕೆ ಏಳು ತಿಂಗಳು ಹಿಂದಿನದು. ಬೆಂಗಳೂರು ಬಿಟ್ಟ ಕ್ವಾಡ್ರಾಟ್ ಅವರು 2023ರಲ್ಲಿ ಈಸ್ಟ್ ಬೆಂಗಾಲನ್ನು ಸೇರಿ, 2024ರ ಜನವರಿಯಲ್ಲಿ ಆ ಹಳೆಯ ಕ್ಲಬ್ಬಿಗೆ ಹನ್ನೆರಡು ವರ್ಷಗಳ ಬರವನ್ನು ನೀಗಿಸಿ ಸೂಪರ್ ಕಪ್ಪನ್ನು ಗೆದ್ದುಕೊಟ್ಟಿದ್ದರು. ಮುಂದಿನ ಋತುವಿನ ಮೊದಲ ಪಂದ್ಯಕ್ಕಾಗಿ, ಸೆಪ್ಟೆಂಬರ್ 14ರಂದು, ಅವರು ಕಂಠೀರವಕ್ಕೆ ಬಂದರು. ಬೆಂಗಳೂರಿನ ಎಳೆಯ ಆಟಗಾರ ವಿನೀತ್ ವೆಂಕಟೇಶ್ ಹೊಡೆದ ಒಂದೇ ಗೋಲಿನಿಂದ ನಾವು ಗೆದ್ದೆವು. ಮುಂದೆ ಕೊಚ್ಚಿಯಲ್ಲಿ ಸೋಲು, ಗೋವಾ ತಂಡದೆದುರು ಸೋಲು. ಮತ್ತೆ ಅದೇ ಮೂರು. ಸೆಪ್ಟೆಂಬರ್ 30ರಂದು ಕ್ವಾಡ್ರಾಟ್ ಅವರು ಅಲ್ಲಿಂದಲೂ ಹೊರಟರು. ಅವರು ಹೋದ ಮೇಲೆ ಈಸ್ಟ್ ಬೆಂಗಾಲ್ ಲೀಗಿನಲ್ಲಿ ಇನ್ನೂ ಮೂರು ಪಂದ್ಯಗಳನ್ನು ಸಾಲಾಗಿ ಸೋತಿತು.

ಕ್ವಾಡ್ರಾಟ್ ಅವರು ಹೊರಟ ಸುದ್ದಿಯನ್ನು ಹುಡುಗನೇ ನನಗೆ ಫೋನು ಮಾಡಿ ತಿಳಿಸಿದನು. ಮುಂಬೈಯ ಆ 117ನೆಯ ನಿಮಿಷದಲ್ಲಿ ತಾನು ಬಾಡಿಗೆ ಕೋಣೆಯಲ್ಲಿ ಗೆಳೆಯರೊಡನೆ ಹೇಗೆ ಕುಣಿದೆನೆಂಬುದನ್ನು ಮೊದಲ ಬಾರಿಗೆ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ ಕೈಲೇ ಮೊದಲ್ನೇ ಏಟು ಬಿತ್ತಲ್ಲ ಮಾವ ಅವ್ರಿಗೆ” ಎಂದನು.